ಟೀ ಹೇಳಿದರೆ ಸರದಿ ಮುಗಿಯುತ್ತದೆಯೇ?

ಶ್ರೀನಿವಾಸಪುರದ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದು ನಿವೃತ್ತನಾದ ಉಮಾಶಂಕರನಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ ಎಂದು ಅವನ ಬೀದಿಯವರೆಲ್ಲ ನಂಬಿದ್ದರು. ಹಾಗೆ ನಂಬಿಸಿದವನು ಅವನೇ. ಯಾರಾದರೂ ಔಷಧಿ ಸೀಸೆ ತಂದು ಮುಂದೆ ಹಿಡಿದರೆ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಸೀಸೆಯನ್ನು ಬೆಳಕಿಗೆ ತಿರುಗಿಸಿ, ತುಟಿ ಅಲ್ಲಾಡಿಸುತ್ತಾ ಓದಿ, "ಊಟ ಆದ್ಮೇಲೆ" ಎನ್ನುತ್ತಿದ್ದ. ಬಹುಪಾಲು ಔಷಧಿಗಳು ಊಟ ಆದ ಮೇಲೆ ತೆಗೆದುಕೊಳ್ಳುವಂಥವೇ ಆದ್ದರಿಂದ ಅವನ ಇಂಗ್ಲಿಷಿನಿಂದ ಇದುವರೆಗೆ ಯಾರೂ ಸತ್ತಿರಲಿಲ್ಲ.

ನಿವೃತ್ತಿಯಾದ ಮೇಲೆ ಹಗಲು ಬಹಳ ಉದ್ದವಾಯಿತು. ಮನೆಯಲ್ಲಿ ಕೂತರೆ ಹೆಂಡತಿ ಮುನಿಯಲ್ಲಮ್ಮ ಹುಣಸೆಹಣ್ಣಿನ ಬೀಜ ಬಿಡಿಸಲು ಕೊಡುತ್ತಿದ್ದಳು. ಅದನ್ನು ತಪ್ಪಿಸಿಕೊಳ್ಳಲು ಅವನು ತಿಂಡಿ ತಿಂದ ತಕ್ಷಣ ಬೀದಿ ದಾಟಿ ಎದುರಿನ ಲೇಡೀಸ್ ಟೈಲರ್ ಅಂಗಡಿಗೆ ಹೋಗಿಬಿಡುತ್ತಿದ್ದ. ಟೈಲರ್ ಓಬೇದುಲ್ಲಾ ಅವನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು. ಇವನು ಅವನನ್ನು ಓಬು ಎನ್ನುತ್ತಿದ್ದ, ಅವನು ಇವನನ್ನು ಶಂಕ್ರು ಎನ್ನುತ್ತಿದ್ದ. ಹಾಗೆ ಕರೆಯುವವರು ಇಬ್ಬರಿಗೂ ಬೇರೆ ಯಾರೂ ಉಳಿದಿರಲಿಲ್ಲ.

ಆಟ ಅವರ ನಡುವೆ ಬಂದದ್ದು ಆಕಸ್ಮಿಕವಾಗಿ. ಮಾಲೂರಿನಲ್ಲಿ ಒಂದು ಗಿಫ್ಟ್ ಅಂಗಡಿ ಮುಚ್ಚುತ್ತಿದೆ, ಗುಂಡಿ ಮತ್ತು ಲೇಸು ಅಗ್ಗವಾಗಿ ಸಿಗುತ್ತವೆ ಎಂದು ಓಬೇದುಲ್ಲಾ ಹೋಗಿ ಒಂದು ಮೂಟೆ ಹೊತ್ತು ತಂದ. ಮೂಟೆ ಬಿಚ್ಚಿದಾಗ ಗುಂಡಿಗಳ ಕೆಳಗೆ ಒಂದು ಪೆಟ್ಟಿಗೆ ತುಂಬ ಬಣ್ಣಬಣ್ಣದ ಕಾರ್ಡುಗಳಿದ್ದವು. ಒಂದೊಂದರ ಮೇಲೂ ಒಂದೊಂದು ಮೃಗ: ಎರಡು ತಲೆಯ ಹದ್ದು, ಕಲ್ಲಿನ ಆಮೆ, ಬೆಂಕಿ ಉಗುಳುವ ಎಮ್ಮೆ. ಆಟದ ಇಂಗ್ಲಿಷ್ ಹೆಸರು ಓಬೇದುಲ್ಲಾನ ನಾಲಿಗೆಗೆ ಹೊರಳಲಿಲ್ಲ, ಉಮಾಶಂಕರ ಹೊರಳಿಸುವ ಸಾಹಸ ಮಾಡಲಿಲ್ಲ. ಮೃಗದಾಟ ಎಂದು ಕರೆದುಕೊಂಡರು. ಇಸ್ಪೀಟಿನ ಹಾಗೆ ಇಬ್ಬರಿಗೂ ಸೇರಿ ಒಂದೇ ಕಟ್ಟಲ್ಲ. ಅವರವರು ಕೂಡಿಸಿಕೊಂಡ ಕಟ್ಟು ಅವರವರದು. ಬೇಡದ ಮೃಗ ಕೊಟ್ಟು ಬೇಕಾದ ಮೃಗ ಬದಲಾಯಿಸಿಕೊಳ್ಳಬಹುದು. ಒಬ್ಬನ ಸರದಿಯಲ್ಲಿ ಅವನು ಕಾರ್ಡು ಎತ್ತಬೇಕು, ಇಳಿಸಬೇಕು, ಎದುರಿನವನ ಮೃಗಗಳ ಮೇಲೆ ದಾಳಿ ಮಾಡಬೇಕು. ಅವನ ಸರದಿ ಮುಗಿದ ಮೇಲೆ ಇನ್ನೊಬ್ಬನದು.

ಸರದಿ ಮುಗಿಯುವುದು ಹೇಗೆ ಎಂಬಲ್ಲಿ ಮಾತ್ರ ತೊಡಕು ಬಂತು.

ಪೆಟ್ಟಿಗೆಯೊಳಗೆ ಇರುವೆಯಷ್ಟು ಸಣ್ಣ ಅಕ್ಷರದ ಇಂಗ್ಲಿಷ್ ನಿಯಮಗಳಿದ್ದವು. "ಓದಿ ಹೇಳೋ ಶಂಕ್ರು, ನೀನಿರೋದು ಯಾಕೆ?" ಎಂದ ಓಬೇದುಲ್ಲಾ. ಉಮಾಶಂಕರ ಉಳಿದದ್ದನ್ನೆಲ್ಲ ಚಿತ್ರ ನೋಡಿ ಹೇಗೋ ದಾಟಿಸಿದ. ಸರದಿಯ ಕೊನೆಯ ಭಾಗಕ್ಕೆ ಬಂದಾಗ ಚಿತ್ರವೇ ಇರಲಿಲ್ಲ. ಆ ಸಾಲುಗಳಲ್ಲಿ ಅವನಿಗೆ ಗುರುತು ಸಿಕ್ಕಿದ ಒಂದೇ ಪದ ಪಾಸ್. ಅವನ ಸರ್ವಿಸಿನಲ್ಲಿ ಪಾಸ್ ಎಂದರೆ ವಿದ್ಯಾರ್ಥಿಗಳ ಬಸ್ ಪಾಸು. ಅದು ಇಲ್ಲಿಗೆ ಯಾಕೆ ಬಂತೆಂದು ತಿಳಿಯಲಿಲ್ಲ. ಗೊತ್ತಿಲ್ಲ ಎಂದು ಹೇಳುವುದು ಅವನ ಅಭ್ಯಾಸದಲ್ಲಿರಲಿಲ್ಲವಾದ್ದರಿಂದ ಕನ್ನಡಕ ಸರಿಮಾಡಿಕೊಂಡು ಗಂಭೀರವಾಗಿ ಹೇಳಿದ:

"ಕೈ ಹಿಂದಕ್ಕೆ ತಗೊಂಡ್ರೆ ಸರದಿ ಮುಗೀತು ಅಂತ ಬರ್ದಿದಾರೆ."

"ಅಷ್ಟೇನಾ?"

"ಅಷ್ಟೇ. ಅದನ್ನೇ ಉದ್ದಕ್ಕೆ ಬರ್ದಿದಾರೆ."

ಈ ನಿಯಮದಿಂದ ನಷ್ಟವಾದದ್ದು ಓಬೇದುಲ್ಲಾನಿಗೆ. ಅವನದು ನಡೆಯುವ ಅಂಗಡಿ. ಎಮ್ಮೆಯನ್ನು ಇಳಿಸಿ ಇನ್ನೇನು ದಾಳಿ ಮಾಡಬೇಕು, ಅಷ್ಟರಲ್ಲಿ ಯಾರೋ ಹೆಂಗಸು ರವಿಕೆ ಬಟ್ಟೆ ಹಿಡಿದು ಬರುತ್ತಿದ್ದಳು. ಅವನು ಟೇಪು ಎತ್ತಿಕೊಂಡು ಏಳುತ್ತಿದ್ದ. ಉಮಾಶಂಕರ ಹಿಂದಿನಿಂದ, "ಕೈ ತೆಗ್ದೆ, ಮುಗೀತು" ಎನ್ನುತ್ತಿದ್ದ. ಓಬೇದುಲ್ಲಾ ವಾಪಸ್ ಬರುವಷ್ಟರಲ್ಲಿ ಅವನ ಎಮ್ಮೆ ಸತ್ತಿರುತ್ತಿತ್ತು.

"ರೂಲ್ಸ್ ಅಂದ್ಮೇಲೆ ರೂಲ್ಸು, ಏನ್ ಮಾಡಕ್ಕಾಗ್ತದೆ," ಎಂದು ಅವನು ಸುಮ್ಮನೆ ಸತ್ತ ಮೃಗಗಳನ್ನು ಜೋಡಿಸಿಡುತ್ತಿದ್ದ. ವರ್ಷವೆಲ್ಲ ಹೀಗೇ ನಡೆಯಿತು. ಉಮಾಶಂಕರ ಮನೆಗೆ ಹೋಗುವಾಗ ಬಸ್ಸು ಬಿಡುವ ಧಾಟಿಯಲ್ಲಿ ಸಿಳ್ಳೆ ಹಾಕಿಕೊಂಡು ಹೋಗುತ್ತಿದ್ದ.

ಜಗಳವಾದದ್ದು ಮಾವಿನ ಸುಗ್ಗಿಯಲ್ಲಿ. ಮಂಡಿಗೆ ಹೋಗುವ ಲಾರಿಗಳು ಬೀದಿಯಲ್ಲಿ ಒಂದರ ಹಿಂದೆ ಒಂದು ನಿಂತು ಹಾರ್ನ್ ಹೊಡೆಯುತ್ತಿದ್ದವು. ಓಬೇದುಲ್ಲಾನ ಕಲ್ಲಿನ ಆಮೆ ಹದಿನೈದು ದಿನಗಳಿಂದ ಯಾರಿಗೂ ಬಗ್ಗಿರಲಿಲ್ಲ. ಅಂದು ಉಮಾಶಂಕರನಿಗೆ ಗುಡುಗಿನ ಕಾರ್ಡು ಬಂತು. ಅದನ್ನು ಹದ್ದಿನ ಪಕ್ಕದಲ್ಲಿಟ್ಟರೆ ಹದ್ದಿನ ಬಲ ಎರಡರಷ್ಟು, ಆದರೆ ಆ ಸರದಿ ಮುಗಿಯುವವರೆಗೆ ಮಾತ್ರ. ಉಮಾಶಂಕರ ಗುಡುಗನ್ನು ಇಳಿಸಿದ. ಅಲ್ಲೇ ಹೊಡೆದು ಮುಗಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವನು ಕುರ್ಚಿಗೆ ಒರಗಿ, ಎರಡೂ ಕೈಗಳನ್ನು ತಲೆಯ ಹಿಂದೆ ಕಟ್ಟಿಕೊಂಡು, "ಇವತ್ತು ನಿನ್ನ ಆಮೆ ಕಥೆ ಮುಗೀತು ಕಣೋ ಓಬು. ಮೊದ್ಲು ಟೀ ಹೇಳು, ಕುಡ್ಕೊಂಡು ಹೊಡೀತೀನಿ" ಎಂದ.

ಓಬೇದುಲ್ಲಾ ಬಾಗಿಲಿಗೆ ಹೋಗಿ ಹೋಟೆಲಿನವನಿಗೆ ಎರಡು ಬೆರಳು ತೋರಿಸಿದ. ಬಂದು ಕೂತು, ತನ್ನ ಕಟ್ಟಿನಿಂದ ಒಂದು ಕಾರ್ಡು ಎತ್ತಿದ.

"ಏ, ಏನ್ ಮಾಡ್ತಿದೀಯ?"

"ನನ್ ಸರದಿ."

"ನಂದಿನ್ನೂ ಮುಗಿದಿಲ್ವಲ್ಲೋ!"

"ಕೈ ತೆಗ್ದೆ."

"ಟೀ ಕುಡಿಯೋಣ ಅಂತ ತೆಗ್ದಿದ್ದು!"

"ಟೀಗೆ ತೆಗ್ದ್ರೆ ಬೇರೆ, ರವಿಕೆ ಅಳತೆಗೆ ತೆಗ್ದ್ರೆ ಬೇರೆ ಅಂತ ಬರ್ದಿದಾರಾ? ನಾನು ಎದ್ದಾಗ ಒಂದಿನ ಆದ್ರೂ ಕೇಳಿದ್ಯಾ, ಯಾಕೆ ಎದ್ದೆ ಅಂತ?"

ಟೀ ಬಂತು. ಇಬ್ಬರೂ ಮುಟ್ಟಲಿಲ್ಲ. ಲೋಟಕ್ಕೆ ಕೈ ಚಾಚಿದರೆ ಅದಕ್ಕೂ ಏನಾದರೂ ಅರ್ಥ ಹುಟ್ಟಿಬಿಟ್ಟೀತು ಎಂದು ಇಬ್ಬರಿಗೂ ಭಯ. ಟೀಯ ಮೇಲೆ ಕೆನೆ ಕಟ್ಟಿತು. ಕೊನೆಗೆ ಉಮಾಶಂಕರ ಎದ್ದು ಹೋದ. ಓಬೇದುಲ್ಲಾ ಒಂದು ಉದ್ದನೆಯ ಬಿಳಿ ಲೈನಿಂಗ್ ಬಟ್ಟೆಯನ್ನು ಮೇಜಿನ ಮೇಲೆ ಹೊದಿಸಿ, ಕೆಳಗಿನ ಕಾರ್ಡುಗಳು ಅಲುಗದಂತೆ ನಾಲ್ಕು ಮೂಲೆಗೂ ಕತ್ತರಿ, ಇಸ್ತ್ರಿಪೆಟ್ಟಿಗೆ ಇತ್ಯಾದಿ ಇಟ್ಟ.

ಮರುದಿನ ಬೆಳಿಗ್ಗೆ ಉಮಾಶಂಕರ ಅಂಗಡಿಗೆ ಹೋಗಲಿಲ್ಲ. ತನ್ನ ಮನೆಯ ಬಾಗಿಲಲ್ಲೇ ನಿಂತು, ಲಾರಿಗಳ ಸದ್ದಿನ ಮೇಲಿಂದ ಕೂಗಿದ:

"ಓಬೇದುಲ್ಲಾ! ಕೇಳ್ಕೋ! ನಂದಿನ್ನೂ ಮುಗ್ದಿಲ್ಲ! ಆ ಆಮೆನ ಕೊಲ್ದೆ ಬಿಡಲ್ಲ ನಾನು!"

"ಮುಟ್ಟು ನೋಡೋಣ!" ಓಬೇದುಲ್ಲಾ ಹೊಲಿಗೆ ಯಂತ್ರದ ಹಿಂದಿನಿಂದಲೇ ಕೂಗಿದ. "ಆಮೆ ಹಿಂದೆ ನನ್ ಸೈನ್ಯ ಪೂರ್ತಿ ನಿಂತೈತೆ!"

ಪಕ್ಕದ ಮನೆಯ ಜಗಲಿಯಲ್ಲಿ ಅಶ್ವತ್ಥಪ್ಪನವರು ಪೇಪರ್ ಓದುತ್ತಿದ್ದರು. ಅವರ ಕಿವಿಗೊಂದು ಯಂತ್ರವಿತ್ತು. ಬ್ಯಾಟರಿ ಬೇಗ ಖಾಲಿಯಾಗುತ್ತದೆಂದು ಅದನ್ನು ಮುಖ್ಯ ಸಂದರ್ಭಗಳಿಗೆ ಮಾತ್ರ ಹಾಕಿಕೊಳ್ಳುತ್ತಿದ್ದರು. ಕೂಗಾಟ ಕಂಡು ಇದು ಮುಖ್ಯ ಸಂದರ್ಭವೆಂದು ತೀರ್ಮಾನಿಸಿ ಯಂತ್ರವನ್ನು ಜೇಬಿನಿಂದ ತೆಗೆದು ಕಿವಿಗೆ ಸಿಕ್ಕಿಸುವ ಹೊತ್ತಿಗೆ ಅರ್ಧ ಮಾತು ಹೊರಗೆ ಉಳಿದಿತ್ತು. ಅವರಿಗೆ ಕೇಳಿಸಿದ್ದು ಇಷ್ಟು: ಉಮಾಶಂಕರ ಅಮೀನ ಎಂಬುವನನ್ನು ಕೊಲ್ಲದೆ ಬಿಡುವುದಿಲ್ಲ. ಅಮೀನನ ಹಿಂದೆ ಓಬೇದುಲ್ಲಾ ಒಂದು ಸೈನ್ಯ ನಿಲ್ಲಿಸಿದ್ದಾನೆ.

ಅವರು ಒಳ್ಳೆಯ ಮನುಷ್ಯರು. ಊರಿಗೆ ಕೆಟ್ಟದಾಗಬಾರದೆಂದು ತಕ್ಷಣ ಠಾಣೆಗೆ ಫೋನ್ ಮಾಡಿದರು. ಠಾಣೆಯವರು ಎಚ್ಚೆತ್ತುಕೊಳ್ಳದಿದ್ದರೆ ಏನು ಗತಿಯೆಂದು ತಮ್ಮ ವಾಟ್ಸಾಪ್ ಗುಂಪುಗಳಲ್ಲೂ ಹಾಕಿದರು.

ಎಎಸ್‌ಐ ಚನ್ನರಾಯಪ್ಪನವರು ಬೈಕಿನಲ್ಲಿ ಬಂದು ಮೊದಲು ಅಶ್ವತ್ಥಪ್ಪನವರನ್ನೇ ಕೇಳಿದರು. "ಅಮೀನ ಅಂದ್ರೆ ಯಾರು?"

"ಗೊತ್ತಿಲ್ಲ ಸಾರ್."

"ಈ ಬೀದೀಲಿ ಆ ಹೆಸರಿನೋನು ಇದಾನಾ?"

"ಇಲ್ಲ ಸಾರ್."

"ಇಲ್ಲ ಅಂದ್ರೆ, ಇದ್ದೋನು ಈಗ ಇಲ್ಲ ಅಂತಾನಾ?"

ಅಶ್ವತ್ಥಪ್ಪನವರು ಯೋಚಿಸಿದರು. "ಹಂಗೂ ಅನ್ಬೋದು ಸಾರ್."

ಚನ್ನರಾಯಪ್ಪನವರು ಟೋಪಿ ಸರಿಮಾಡಿಕೊಂಡು ಟೈಲರ್ ಅಂಗಡಿಗೆ ನುಗ್ಗಿದರು. ನಡುವೆ ಉದ್ದನೆಯ ಮೇಜು. ಮೇಜಿನ ಮೇಲೆ ಬಿಳಿ ಬಟ್ಟೆ ಹೊದ್ದು ಏನೋ ಮಲಗಿತ್ತು.

"ಏನ್ರೀ ಇದು?"

"ಅದನ್ನ ಮುಟ್ಬೇಡಿ ಸಾರ್," ಎಂದ ಓಬೇದುಲ್ಲಾ. "ಶಂಕ್ರು ಬಂದು ಒಪ್ಕೊಳ್ಳೋವರ್ಗೂ ಯಾರೂ ತೆಗ್ಯಂಗಿಲ್ಲ."

ಎಎಸ್‌ಐ ಒಂದು ಹೆಜ್ಜೆ ಹಿಂದೆ ಸರಿದು, ಲಾಠಿಯ ತುದಿಯಿಂದ ಬಟ್ಟೆಯ ಅಂಚನ್ನು ಮೆಲ್ಲಗೆ ಎತ್ತಿದರು. ಎರಡು ತಲೆಯ ಹದ್ದು ಅವರನ್ನು ದಿಟ್ಟಿಸಿತು. ವಿಚಾರಣೆ ಬಹಳ ಹೊತ್ತು ನಡೆಯಿತು. ಕೊನೆಗೆ ಅವರು ಕಲ್ಲಿನ ಆಮೆಯ ಚಿತ್ರವನ್ನು ಕಣ್ಣೆದುರು ಹಿಡಿದುಕೊಂಡು, "ಇದ್ನಾ ಕೊಲ್ತೀನಿ ಅಂದಿದ್ದು?" ಎಂದರು.

"ಇದ್ನೇ ಸಾರ್."

ಚನ್ನರಾಯಪ್ಪನವರು ಕಾರ್ಡನ್ನು ಇದ್ದ ಜಾಗದಲ್ಲೇ ಇಟ್ಟು ನಿಟ್ಟುಸಿರು ಬಿಟ್ಟರು. ಅವರ ಮಟ್ಟಿಗೆ ಪ್ರಕರಣ ಅಲ್ಲಿಗೆ ಮುಗಿದಿತ್ತು. ಆದರೆ ಅಷ್ಟರಲ್ಲಿ ಸುದ್ದಿ ಕೋಲಾರ ಮುಟ್ಟಿ, ಮುಳಬಾಗಿಲು ಸುತ್ತಿಕೊಂಡು, ಇನ್ನೊಂದು ರೂಪದಲ್ಲಿ ಶ್ರೀನಿವಾಸಪುರಕ್ಕೇ ವಾಪಸ್ ಬಂದಿತ್ತು. ಆ ರೂಪದಲ್ಲಿ ಸೈನ್ಯದ ಸಂಖ್ಯೆಯೂ ಇತ್ತು. ಶಾಂತಿ ಸಭೆ ಮಾಡಿ ಎಂದು ಮೇಲಿನಿಂದ ಹೇಳಿಕೆ ಬಂತು. "ಆಮೆ ವಿಷ್ಯಕ್ಕೆ ಶಾಂತಿ ಸಭೆ ಹೆಂಗ್ ಸಾರ್ ಮಾಡೋದು?" ಎಂದು ಚನ್ನರಾಯಪ್ಪನವರು ಫೋನಿನಲ್ಲಿ ಕೇಳಿದ್ದಕ್ಕೆ, "ಅಮೀನನನ್ನೂ ಕರೆಸಿ" ಎಂಬ ಉತ್ತರ ಬಂತಂತೆ.

ಅಮೀನನನ್ನು ಹುಡುಕಿದರು. ಗೌನಿಪಲ್ಲಿಯ ಹತ್ತಿರ ಒಂದು ಮಾವಿನ ತೋಪಿನಲ್ಲಿ ಕಾಯಿ ಕೀಳುವ ಕೆಲಸಕ್ಕೆ ಬಂದು, ಊಟ ಮಾಡಿ ಮರದ ಕೆಳಗೆ ಮಲಗಿದ್ದವನೊಬ್ಬ ಆ ಹೆಸರಿನವನು ಸಿಕ್ಕಿದ. ಜೀಪಿನಲ್ಲಿ ಕೂರಿಸಿಕೊಂಡು ಬಂದು ಸಮುದಾಯ ಭವನದ ಮುಂದಿನ ಸಾಲಿನಲ್ಲಿ, ಇಬ್ಬರು ಪೊಲೀಸರ ನಡುವೆ ಅವನನ್ನು ಕೂರಿಸಿದರು.

ಸಭೆಗೆ ಎರಡೂ ಕಡೆಯ ಹಿರಿಯರು ಬಂದಿದ್ದರು. ಎರಡು ಕಡೆ ಎಂಬುದು ಇದೆಯೆಂದು ಉಮಾಶಂಕರನಿಗೆ ತಿಳಿದದ್ದು ಅವತ್ತು. ಅವನನ್ನು ಎಡಗಡೆ ಕೂರಿಸಿದರು, ಓಬೇದುಲ್ಲಾನನ್ನು ಬಲಗಡೆ. ನಡುವಿನ ಮೇಜಿನ ಮೇಲೆ ಹೂವಿನ ಬೊಕೆ. ಇಬ್ಬರೂ ಒಬ್ಬರಿಗೊಬ್ಬರು ಕಾಣದಂತೆ ಅದು ಅಗಲವಾಗಿತ್ತು. ಊರಿನ ಹಳೆಯ ಸಾಮರಸ್ಯದ ಬಗ್ಗೆ ಒಬ್ಬರು ಮಾತಾಡಿದರು. ಅದಕ್ಕೂ ಹಳೆಯ ಸಾಮರಸ್ಯದ ಬಗ್ಗೆ ಇನ್ನೊಬ್ಬರು ಮಾತಾಡಿದರು. ನಡುವೆ ಅಮೀನ ಮೆಲ್ಲಗೆ ಕೈ ಎತ್ತಿದ.

"ಸಾರ್, ನನ್ನ ಯಾರ್ ಸಾರ್ ಕೊಲ್ತಾರೆ?"

"ಯಾರೂ ಕೊಲ್ಲಲ್ಲ. ಸುಮ್ನೆ ಕೂತ್ಕೋ."

"ಹಂಗಾದ್ರೆ ಹೋಗ್ಲಾ ಸಾರ್?"

"ಶಾಂತಿ ಆಗೋವರ್ಗೂ ಎದ್ದೇಳ್ಬೇಡ."

ಕೊನೆಗೆ ಚನ್ನರಾಯಪ್ಪನವರು ಎದ್ದು, ಇದು ಒಂದು ಆಟದ ಜಗಳ, ಯಾರ ಸರದಿ ಎಂದು ತೀರ್ಮಾನವಾದರೆ ಎಲ್ಲರೂ ಮನೆಗೆ ಹೋಗಬಹುದು, ನಿಯಮ ಗೊತ್ತಿದ್ದವರು ಯಾರಾದರೂ ಹೇಳಿ ಎಂದರು. ಅಪ್ಪನ ಗಲಾಟೆ ಕೇಳಿ ಕೋಲಾರದಿಂದ ಓಡಿಬಂದಿದ್ದ ಓಬೇದುಲ್ಲಾನ ಮಗಳು ನಿಶಾತ್ ಹಿಂದಿನ ಸಾಲಿನಿಂದ ಎದ್ದಳು. ಅವಳು ಅಲ್ಲಿ ಹೈಸ್ಕೂಲ್ ಟೀಚರ್. ಮೊಬೈಲಿನಲ್ಲಿ ಆಟದ ನಿಯಮ ತೆಗೆದು ಓದಿ, ಕನ್ನಡದಲ್ಲಿ ಹೇಳಿದಳು:

"ಸರದಿ ಯಾರದ್ದೋ ಅವರು ಬಾಯಿಬಿಟ್ಟು ಮುಗೀತು ಅಂತ ಹೇಳ್ಬೇಕು ಸಾರ್. ಎದುರಿಗಿರೋರು ತಾವೇನೂ ಮಾಡಲ್ಲ, ಸರಿ ಅಂತ ಒಪ್ಬೇಕು. ಇಬ್ಬರೂ ಒಪ್ಪಿದ್ಮೇಲೇ ಮುಗಿಯೋದು. ಕೈ ತೆಗ್ಯೋದು, ಟೀ ಕುಡಿಯೋದು, ಏನೂ ಇದ್ರಲ್ಲಿಲ್ಲ."

"ಹಂಗಾದ್ರೆ ಉಮಾಶಂಕರ್ ಅವರದೇ ಸರಿ!" ಎಂದರು ಚನ್ನರಾಯಪ್ಪ. "ಅವರ ಸರದಿ ಮುಗಿದಿರ್ಲಿಲ್ಲ. ಅವರೇ ಗೆದ್ರು. ಚಪ್ಪಾಳೆ ಹೊಡೀರಿ."

ಎಡಗಡೆಯವರು ಚಪ್ಪಾಳೆ ಹೊಡೆದರು. ಶಾಂತಿಗಾಗಿ ಬಲಗಡೆಯವರೂ ಹೊಡೆದರು. ಚಪ್ಪಾಳೆ ನಿಂತ ಮೇಲೆ ಬೊಕೆಯ ಆಚೆಯಿಂದ ಓಬೇದುಲ್ಲಾನ ಧ್ವನಿ ಬಂತು. ಅದು ಕೂಗಾಟದ ಧ್ವನಿಯಾಗಿರಲಿಲ್ಲ.

"ಶಂಕ್ರು, ಕೈ ತೆಗ್ದ್ರೆ ಮುಗೀತು ಅಂತ ನೀನೇ ಅಲ್ವೇನೋ ಓದಿ ಹೇಳಿದ್ದು?"

ಸಭೆಯೆಲ್ಲ ಉಮಾಶಂಕರನ ಕಡೆ ತಿರುಗಿತು. ಔಷಧಿ ಸೀಸೆ ತೋರಿಸಿದವರು ಅವರಲ್ಲಿ ಹಲವರಿದ್ದರು. ಅವನು ಕನ್ನಡಕ ತೆಗೆದ, ಒರೆಸಿದ, ಹಾಕಿಕೊಂಡ.

"ಅದು... ಆಗ ಹಂಗೇ ಇತ್ತು. ಈಗ ಇಂಗ್ಲಿಷ್ ಬದಲಾಯ್ಸಿದಾರೆ."

ಯಾರೋ ಒಬ್ಬರು ನಕ್ಕರು. ಓಬೇದುಲ್ಲಾ ನಗಲಿಲ್ಲ. ನಿಶಾತ್ ಮೊಬೈಲನ್ನು ಬ್ಯಾಗಿಗೆ ಹಾಕಿಕೊಂಡು ತಲೆ ತಗ್ಗಿಸಿ ಕೂತಳು. ಉಮಾಶಂಕರನಿಗೆ ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತು. ಅಷ್ಟರಲ್ಲಿ ಫೋಟೋದವರು ಇಬ್ಬರನ್ನೂ ಎಬ್ಬಿಸಿ ತಬ್ಬಿಕೊಳ್ಳಲು ಹೇಳಿದರು. ಬೆಳಕು ಸರಿಯಿಲ್ಲವೆಂದು ಇನ್ನೊಮ್ಮೆ ತಬ್ಬಿಸಿದರು. ಎರಡನೆಯ ಸಲ ಓಬೇದುಲ್ಲಾನ ಕೈಗಳು ಉಮಾಶಂಕರನ ಬೆನ್ನನ್ನು ಮುಟ್ಟಲೇ ಇಲ್ಲ, ಗಾಳಿಯಲ್ಲಿ ನಿಂತಿದ್ದವು. ಫೋಟೋದಲ್ಲಿ ಅದು ಕಾಣುವುದಿಲ್ಲ. ಅಮೀನನನ್ನೂ ನಡುವೆ ನಿಲ್ಲಿಸಿ ಒಂದು ತೆಗೆದರು. ಅದರಲ್ಲಿ ಅವನು ಅಳುವವನಂತೆ ಇದ್ದಾನೆ.

ಇತ್ತ ಒಬ್ಬ ಪೇದೆ ಒಳ್ಳೆಯ ಮನಸ್ಸಿನಿಂದ, ಸಾಹೇಬರು ಹೇಳುವ ಮೊದಲೇ, ಅಂಗಡಿಯ ಮೇಜಿನ ಮೇಲಿದ್ದ ಕಾರ್ಡುಗಳನ್ನೆಲ್ಲ ಬಾಚಿ, ಚೆನ್ನಾಗಿ ಕಲೆಸಿ, ರಬ್ಬರ್ ಬ್ಯಾಂಡ್ ಹಾಕಿ ತಂದಿದ್ದ. ಹದ್ದು ಎಲ್ಲಿತ್ತು, ಆಮೆ ಎಲ್ಲಿತ್ತು, ಯಾರ ಕೈಯಲ್ಲಿ ಏನಿತ್ತು ಎಂದು ಇನ್ನು ಯಾರೂ ಹೇಳುವಂತಿರಲಿಲ್ಲ. ಚನ್ನರಾಯಪ್ಪನವರು ಆ ಕಟ್ಟನ್ನು ಗೆದ್ದವನ ಕೈಗಿಟ್ಟು, "ಇನ್ನು ಈ ಆಟ ಸಾಕು ಯಜಮಾನ್ರೇ" ಎಂದರು.

ಶಾಂತಿ ಬಂದ ಮೇಲೆ ಅದನ್ನು ಕಾಯಬೇಕಲ್ಲ. ಓಬೇದುಲ್ಲಾನ ಅಂಗಡಿಯ ಮುಂದೆ ದಿನಾ ಪೊಲೀಸ್ ಬೈಕು ನಿಲ್ಲತೊಡಗಿತು. ಪೇದೆ ಅಲ್ಲೇ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದ. ಪೊಲೀಸು ಕೂತಿರುವ ಕಡೆ ಅಳತೆ ಕೊಡಲು ಯಾವ ಹೆಂಗಸು ಬರುತ್ತಾಳೆ? ಉಮಾಶಂಕರ ಬೀದಿ ದಾಟಲು ಹೊರಟರೆ ಅಶ್ವತ್ಥಪ್ಪನವರು ಕಿವಿಗೆ ಯಂತ್ರ ಸಿಕ್ಕಿಸಿಕೊಂಡು, "ಬ್ಯಾಡ ಶಂಕ್ರಣ್ಣ, ಈಗ ತಾನೇ ತಣ್ಣಗಾಗೈತೆ, ಮತ್ತೆ ಯಾಕಪ್ಪಾ, ಎಂದುಕಪ್ಪಾ ಮಳ್ಳಿ?" ಎಂದು ತೆಲುಗಿನಲ್ಲೂ ತಡೆಯುತ್ತಿದ್ದರು. ಅವನೂ ತಡೆಸಿಕೊಳ್ಳುತ್ತಿದ್ದ. ಹೋಗಿ ಹೇಳಬೇಕಾದ ಮಾತು ಅವನಿಗೆ ಗೊತ್ತಿತ್ತು. ಅದಕ್ಕಿಂತ ಅಶ್ವತ್ಥಪ್ಪನವರು ತಡೆಯುವುದೇ ಸುಲಭವಾಗಿತ್ತು. ಮನೆಯೊಳಗೆ ಬಂದು ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ. ಮುನಿಯಲ್ಲಮ್ಮ ಕೇಳದಿದ್ದರೂ ಬಿಡಿಸುತ್ತಿದ್ದ.

ಒಂದು ಬೆಳಿಗ್ಗೆ ನೋಡಿದರೆ ಎದುರು ಅಂಗಡಿಯ ಬೋರ್ಡು ಇಳಿಸಿ ಟೆಂಪೋಗೆ ಹಾಕುತ್ತಿದ್ದರು. ಓಬೇದುಲ್ಲಾನ ಹೆಂಡತಿ ಮೆಹರ್ ಬಾನುವಿನ ತಮ್ಮ ತಾಯಲೂರಿನಲ್ಲಿದ್ದಾನೆ, ಅಲ್ಲಿ ಒಂದು ಮಳಿಗೆ ಸಿಕ್ಕಿದೆ ಎಂದು ಹೋಟೆಲಿನವನು ಹೇಳಿದ. ಉಮಾಶಂಕರ ಕಿಟಕಿಯ ಹಿಂದೆ ನಿಂತಿದ್ದ. ಓಬೇದುಲ್ಲಾ ಹೊಲಿಗೆ ಯಂತ್ರವನ್ನು ಟೆಂಪೋದಲ್ಲಿ ಹಗ್ಗದಿಂದ ಬಿಗಿದು, ಇವನ ಮನೆಯ ಕಡೆ ಒಂದು ಸಲ ನೋಡಿದ. ಉಮಾಶಂಕರ ಹೊರಗೆ ಬರಬಹುದಾಗಿತ್ತು. ಬಾಗಿಲಿಗೆ ಬರುವಷ್ಟರಲ್ಲಿ ಟೆಂಪೋ ತಿರುವಿನಲ್ಲಿತ್ತು.

ಆಮೇಲೆ ಅವನಿಗೆ ಒಂದು ಕೆಲಸ ಸಿಕ್ಕಿತು. ರಬ್ಬರ್ ಬ್ಯಾಂಡ್ ಬಿಚ್ಚಿ, ಕಲೆತುಹೋಗಿದ್ದ ಎರಡು ಕಟ್ಟುಗಳನ್ನು ಬೇರೆ ಮಾಡಲು ಕೂತ. ಯಾವ ಮೃಗ ಯಾರದೆಂದು ನೆನಪಿಸಿಕೊಳ್ಳುವುದು, ಒಂದನ್ನು ಅತ್ತ ಇಡುವುದು, ಮತ್ತೆ ಇತ್ತ ಇಡುವುದು. ಮಳೆಗಾಲ ಅದರಲ್ಲೇ ಕಳೆಯಿತು. ಓಬೇದುಲ್ಲಾನದು ಪೂರ್ತಿಯಾಯಿತು ಎನ್ನಿಸಿದ ದಿನ ಒಗೆದ ಅಂಗಿ ಹಾಕಿಕೊಂಡು, ಮುಳಬಾಗಿಲಿಗೆ ಹೋಗಿ, ಅಲ್ಲಿಂದ ತಾಯಲೂರಿನ ಬಸ್ಸು ಹತ್ತಿದ. ದಾರಿಯುದ್ದಕ್ಕೂ ತುಟಿ ಅಲ್ಲಾಡಿಸುತ್ತಿದ್ದ. ಪಕ್ಕದಲ್ಲಿದ್ದವರು ಜಪ ಮಾಡುತ್ತಿದ್ದಾನೆ ಅಂದುಕೊಂಡರು. ಅವನು, "ನಂಗೆ ಆ ಇಂಗ್ಲಿಷ್ ಅರ್ಥ ಆಗಿರ್ಲಿಲ್ಲ ಕಣೋ ಓಬು" ಎಂಬುದನ್ನು ಅಭ್ಯಾಸ ಮಾಡುತ್ತಿದ್ದ.

ಹೊಸ ಮಳಿಗೆ ಚಿಕ್ಕದು. ಓಬೇದುಲ್ಲಾ ಸ್ಕೂಲ್ ಯೂನಿಫಾರ್ಮ್ ಹೊಲಿಯುತ್ತಿದ್ದ. ಇವನನ್ನು ಕಂಡು ಎದ್ದುನಿಂತ.

"ಬಾ ಶಂಕ್ರು. ಬಿಸ್ಲಲ್ಲಿ ಬಂದಿದೀಯಲ್ಲೋ. ಊಟ?"

"ಆಯ್ತು."

ಮೆಹರ್ ಬಾನು ಒಳಗಿನಿಂದ ನೀರು ಕಳಿಸಿದಳು. ಮೊಣಕಾಲು ನೋವಿನ ಬಗ್ಗೆ, ಈ ವರ್ಷ ಕೆರೆಗೆ ಬಂದ ನೀರಿನ ಬಗ್ಗೆ ಮಾತಾಡಿದರು. ಇಬ್ಬರೂ ಬಹಳ ಮರ್ಯಾದೆಯಿಂದ ಮಾತಾಡಿದರು. ಹಿಂದೆಂದೂ ಅವರು ಅಷ್ಟು ಮರ್ಯಾದೆಯಿಂದ ಮಾತಾಡಿರಲಿಲ್ಲ. ಉಮಾಶಂಕರ ಜೇಬಿಗೆ ಕೈಹಾಕಿ ಕಟ್ಟನ್ನು ಅರ್ಧ ಹೊರಗೆ ತೆಗೆದಿದ್ದ. ಓಬೇದುಲ್ಲಾ ಬೀದಿಯ ಕಡೆ ಕಣ್ಣು ಹಾಯಿಸಿ, ಅವನ ಕೈ ಮೇಲೆ ಕೈಯಿಟ್ಟು ತಡೆದ.

"ಇಲ್ಲಿ ಬ್ಯಾಡ ಕಣೋ. ನಾನಿಲ್ಲಿ ಹೊಸಬ. ಜನ ಇನ್ನೂ ನೋಡ್ತಾ ಇರ್ತಾರೆ."

ಉಮಾಶಂಕರ ಕಟ್ಟನ್ನು ಒಳಗೆ ತಳ್ಳಿದ. ಓಬೇದುಲ್ಲಾ ಸಂಕೋಚದಿಂದ ಯಂತ್ರಕ್ಕೆ ಕೂತು, ಸಂಜೆಗೆ ಕೊಡಬೇಕಾದ ಬಟ್ಟೆ ಇದೆ ಎಂದ. ಯಂತ್ರ ಗಡಗಡ ಎನ್ನತೊಡಗಿತು. ಆ ಸದ್ದಿನ ನಡುವೆ ಉಮಾಶಂಕರ ಬಸ್ಸಿನಲ್ಲಿ ಕಲಿತ ಮಾತನ್ನು ಒಂದೇ ಉಸಿರಿಗೆ ಹೇಳಿಬಿಟ್ಟ.

ಓಬೇದುಲ್ಲಾ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದ. "ಏನಂದೆ?"

"ಏನಿಲ್ಲ. ಬಸ್ಸಿಗೆ ಹೊತ್ತಾಯ್ತು ಅಂದೆ."

ಓಬೇದುಲ್ಲಾ ಸ್ವಲ್ಪ ಹೊತ್ತು ಅವನ ಮುಖ ನೋಡಿದ. "ಹೌದು, ತಪ್ಪಿದ್ರೆ ಸಂಜೆವರ್ಗೂ ಬಸ್ಸಿಲ್ಲ," ಎಂದ. ಬಸ್ಸಿನ ತನಕ ಬಂದು, ಕಿಟಕಿಯ ಪಕ್ಕದ ಸೀಟು ಹಿಡಿದುಕೊಟ್ಟು ಹೋದ.

ಉಮಾಶಂಕರ ಮನೆ ಸೇರಿದಾಗ ಮುನಿಯಲ್ಲಮ್ಮ ಜಗಲಿಯಲ್ಲೇ ಕಾಯುತ್ತಿದ್ದಳು.

"ಓಬೇದುಲ್ಲಾ ಅಣ್ಣ ಸಿಕ್ಕಿದ್ರಾ?"

"ಸಿಕ್ಕಿದ."

"ಆಡಿದ್ರಾ?"

ಅವನು ಚಪ್ಪಲಿ ಬಿಡಲು ಬಗ್ಗಿದ. "ಹೂಂ, ಆಡಿದ್ವಿ."

"ಯಾರು ಗೆದ್ದಿದ್ದು?"

"ಅವನೇ," ಎಂದ ಉಮಾಶಂಕರ. ಬಗ್ಗಿದವನು ಬಹಳ ಹೊತ್ತು ಏಳಲಿಲ್ಲ. ಆ ಚಪ್ಪಲಿಗೆ ಬಿಚ್ಚುವಂಥ ಬಕಲ್ಲೇ ಇರಲಿಲ್ಲ.